ಅಕ್ಕ ಹೇಳಿದ ವೇಗ

ನೃತ್ಯಶಾಲೆಯಲ್ಲಿ ಅವಳು ಎಲ್ಲರಿಗೂ ಪಿಯಾನೋ ಅಕ್ಕ. ಹಾಲುಹಲ್ಲು ಬೀಳದ ಮಗುವಿಗೂ ಅಕ್ಕ, ಆ ಮಗುವನ್ನು ಕೈಹಿಡಿದು ಕರೆತರುವ ಅಜ್ಜಿಗೂ ಅಕ್ಕ. ಉದ್ದನೆಯ ಹಾಲಿನ ಮೂಲೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂತು, ಬ್ಯಾಲೆ ಕಲಿಯಲು ಬರುವವರಿಗೆ ಬೆಳಗಿನಿಂದ ಸಂಜೆಯವರೆಗೆ ಪಿಯಾನೋ ಬಾರಿಸುವುದು ಅವಳ ಕೆಲಸ. ಗೋಡೆಯುದ್ದಕ್ಕೂ ಕನ್ನಡಿ, ಕನ್ನಡಿಯ ಮುಂದೆ ಸೊಂಟದೆತ್ತರಕ್ಕೆ ಮರದ ಕಂಬಿ. ಹುಡುಗಿಯರು ಕಂಬಿ ಹಿಡಿದು ಮೊದಲು ಮಂಡಿ ಮಡಚುತ್ತಾರೆ, ಆಮೇಲೆ ಪಾದ ಚಾಚುತ್ತಾರೆ, ಆಮೇಲೆ ಕಾಲು ಬೀಸುತ್ತಾರೆ. ಮೈ ಕಾದ ಮೇಲೆ ಕಂಬಿ ಬಿಟ್ಟು ಹಾಲಿನ ನಡುವಿಗೆ ಬರುತ್ತಾರೆ. ಒಂದೊಂದು ಅಭ್ಯಾಸಕ್ಕೂ ಬೇರೆ ವೇಗ, ಬೇರೆ ಶ್ರುತಿ, ಬೇರೆ ಭಾವ. ಟೀಚರ್ ಗಾಳಿಯಲ್ಲಿ ಒಮ್ಮೆ ಕೈಯಾಡಿಸಿದರೆ ಸಾಕು, ಅಕ್ಕನಿಗೆ ಮೂರೂ ಹೊಳೆಯುತ್ತಿದ್ದವು. ಅವಳು ಶುರುಮಾಡಿದಳೆಂದರೆ ಕಾಲುಗಳು ತಾವಾಗಿಯೇ ಏಳುತ್ತಿದ್ದವು.

ಆ ಶಾಲೆಯಲ್ಲಿ ಅವಳಿಗೆ ಮರ್ಯಾದೆ ಇತ್ತು, ಹೆಸರಿರಲಿಲ್ಲ. ವಾರ್ಷಿಕ ಪ್ರದರ್ಶನದ ಕೊನೆಯಲ್ಲಿ ಟೀಚರ್ ಹುಡುಗಿಯರಿಗೆ, ಬಟ್ಟೆ ಹೊಲಿದವರಿಗೆ, ದೀಪದವರಿಗೆ ಎಲ್ಲರಿಗೂ ವಂದನೆ ಹೇಳಿ, ಮೈಕು ಕೆಳಗಿಡುವಾಗ ನೆನಪಾಗಿ, ಹಾಂ, ನಮ್ಮ ಪಿಯಾನೋ ಅಕ್ಕ ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ಜನ ಕುರ್ಚಿ ಬಿಟ್ಟು ಬಾಗಿಲ ಕಡೆ ಹೊರಟಿರುತ್ತಿದ್ದರು. ಇದನ್ನೆಲ್ಲ ಅಕ್ಕ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡವಳಲ್ಲ. ಅವಳ ಹೊಟ್ಟೆಯಲ್ಲಿ ಬೆಂಕಿ ಇಟ್ಟವಳು ಪುಟ್ಟಿ.

ಪುಟ್ಟಿ ಅವಳ ತಂಗಿ. ತಲೆಯಲ್ಲಿ ಬಿಳಿಕೂದಲು ಇಣುಕಿದರೂ ಮನೆಯವರ ಬಾಯಲ್ಲಿ ಪುಟ್ಟಿಯಾಗಿಯೇ ಉಳಿದವಳು. ಅವರಪ್ಪ ವಾದ್ಯ ರಿಪೇರಿ ಮಾಡುತ್ತಿದ್ದ. ಯಾರೋ ರಿಪೇರಿಗೆ ಕೊಟ್ಟ ಪಿಯಾನೋ ಒಂದು, ಕೊಟ್ಟವರು ಊರನ್ನೇ ಬಿಟ್ಟಿದ್ದರಿಂದ, ಅಂಗಡಿಯ ಹಿಂದಿನ ಅವರ ಮನೆಯಲ್ಲಿ ಬೀಡುಬಿಟ್ಟಿತು. ಅಕ್ಕ ಅದರ ಮೇಲೆ ಬೆರಳಾಡಿಸಿ ತಾನೇ ಒಂದಷ್ಟು ಕಲಿತಳು. ಮಗಳ ಆಸಕ್ತಿ ನೋಡಿ ಅಪ್ಪ ಮೇಷ್ಟ್ರೊಬ್ಬರನ್ನು ಗೊತ್ತುಮಾಡಿದ. ಅವರು ಮೊದಲ ಸಲ ಬಂದಾಗ ಅಕ್ಕ ನೀಟಾಗಿ ತಲೆ ಬಾಚಿ, ಉಗುರು ಕತ್ತರಿಸಿಕೊಂಡು ಕಾದು ಕೂತಿದ್ದಳು. ಮೇಷ್ಟ್ರು ಅವಳು ಬಾರಿಸಿದ್ದನ್ನು ಕೇಳಿ ಚೆನ್ನಾಗಿದೆ ಎಂದರು. ಅಷ್ಟರಲ್ಲಿ, ಕಾಲು ನೆಲಕ್ಕೆ ಎಟುಕದ ಪುಟ್ಟಿ ಬೆಂಚು ಹತ್ತಿ, ಅಕ್ಕ ಬಾರಿಸಿದ್ದನ್ನೇ ಒಂದು ಕೈಯಲ್ಲಿ ಬಾರಿಸಿಬಿಟ್ಟಳು. ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಅಲ್ಲಿಂದ ಮುಂದೆ ಪಾಠವೆಲ್ಲ ಪುಟ್ಟಿಗೆ. ಅಕ್ಕನಿಗೂ ಪಾಠ ನಿಲ್ಲಲಿಲ್ಲ. ಆದರೆ ಅದು ಪುಟ್ಟಿಯದು ಮುಗಿದ ಮೇಲೆ, ಮೇಷ್ಟ್ರು ಟೀ ಕುಡಿಯುವ ಹೊತ್ತಿನಲ್ಲಿ.

ಅಪ್ಪನ ಕಣ್ಣು ಮಂದವಾಗಿ ಅಂಗಡಿ ಮುಚ್ಚಿದಾಗ ಅಕ್ಕ ನೃತ್ಯಶಾಲೆಗೆ ಕೆಲಸಕ್ಕೆ ಸೇರಿದಳು. ಪುಟ್ಟಿ ದೊಡ್ಡ ಸಂಗೀತಶಾಲೆ ಸೇರಿ, ನೆಲ ಗುಡಿಸುವ ಕಪ್ಪು ಗೌನು ತೊಟ್ಟು ಕಛೇರಿ ಕೊಡುವವಳಾದಳು. ಅಕ್ಕ ತಂಗಿಯ ಒಂದು ಕಛೇರಿಯನ್ನೂ ತಪ್ಪಿಸುತ್ತಿರಲಿಲ್ಲ. ಎಂಥ ಪ್ರೀತಿ ಎಂದು ಜನ ಹೊಗಳುತ್ತಿದ್ದರು. ಅಕ್ಕ ಮೊದಲ ಸಾಲಿನಲ್ಲಿ ಕೈಕಟ್ಟಿ ಕೂತು ಕೇಳುತ್ತಿದ್ದುದು ತಪ್ಪನ್ನು. ಒಮ್ಮೆ ಪುಟ್ಟಿಯ ಎಡಗೈ ಕಿರುಬೆರಳು ಪಿಯಾನೋದ ಪಕ್ಕದ ಕೀಲಿಗೆ ತಾಗಿ ಅಪಸ್ವರ ಬಂದಿತ್ತು. ಹಾಲಿನಲ್ಲಿ ಬೇರೆ ಯಾರಿಗೂ ಗೊತ್ತಾಗಲಿಲ್ಲ. ಅಕ್ಕ ಆ ವಾರವೆಲ್ಲ ಹಾಡಿಕೊಂಡೇ ಪಾತ್ರೆ ತೊಳೆದಳು. ಪುಟ್ಟಿಗೆ ಇದರ ಸುಳಿವೂ ಇರಲಿಲ್ಲ. ಹೋದ ಊರಿನಿಂದೆಲ್ಲ ಅಕ್ಕನಿಗೆ ಶಾಲು, ಚೀಲ, ಕೈಗವಸು ಏನಾದರೂ ತರುತ್ತಿದ್ದಳು. ಅಕ್ಕ ಚೆನ್ನಾಗಿದೆ ಕಣೆ ಎಂದು ತೆಗೆದುಕೊಂಡು ಬೀರುವಿನ ಕೆಳಗಿನ ಅರೆಗೆ ತುರುಕುತ್ತಿದ್ದಳು.

ಹೀಗಿರುವಾಗ ಒಂದು ಧ್ವನಿಮುದ್ರಣ ಕಂಪನಿಯವರು ಟೀಚರನ್ನು ಹುಡುಕಿಕೊಂಡು ಬಂದರು. ಎಷ್ಟೋ ಊರುಗಳಲ್ಲಿ ಬ್ಯಾಲೆ ಕಲಿಸುತ್ತಾರೆ, ಪಿಯಾನೋ ಬಾರಿಸುವವರಿಲ್ಲ. ಅಂಥ ಶಾಲೆಗಳಿಗಾಗಿ ಹಳೆಯ ಬ್ಯಾಲೆಗಳ ಸಂಗೀತವನ್ನು ತರಗತಿಗೆ ಒಗ್ಗುವಂತೆ ಪಿಯಾನೋದಲ್ಲಿ ಬಾರಿಸಿ ಡಿಸ್ಕ್ ಮಾಡಬೇಕು. ಪ್ರತಿಯೊಂದು ತುಣುಕಿಗೂ ವೇಗವೆಷ್ಟು, ಶ್ರುತಿ ಯಾವುದು, ಭಾವವೇನು ಎಂದು ಹೊದಿಕೆಯ ಮೇಲೆ ಅಚ್ಚುಹಾಕಬೇಕು, ಮೇಲ್ವಿಚಾರಣೆ ನಿಮ್ಮದೇ ಎಂದು ಟೀಚರನ್ನು ಕೇಳಿಕೊಂಡರು.

ಈ ಮಾತು ಕಿವಿಗೆ ಬಿದ್ದದ್ದೇ ಅಕ್ಕನ ನಡಿಗೆ ಬದಲಾಯಿತು. ಯಾರೂ ಅವಳಿಗೆ ಏನೂ ಹೇಳಿರಲಿಲ್ಲ. ಹೇಳುವುದೇನಿದೆ, ಟೀಚರಿಗೆ ಬಾರಿಸುವವಳು ತಾನಲ್ಲದೆ ಇನ್ಯಾರು ಎಂದು ಅವಳೇ ತೀರ್ಮಾನಿಸಿದಳು. ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ಸಿಟಿ ಬಸ್ಸಿನ ಡ್ರೈವರು. ಅವನಿಗೆ ಗೊತ್ತಿದ್ದ ವಾದ್ಯ ಹಾರನ್ ಒಂದೇ. ಅವನು ಯೋಚಿಸಿ, "ಅಲ್ಲ ಕಣೆ, ಡಿಸ್ಕ್ ಹಾಕಿದ್ರೆ ಪಿಯಾನೋ ಕೇಳುತ್ತೆ ಅಂದ್ಮೇಲೆ ನಿನ್ನನ್ನ ಯಾಕೆ ಇಟ್ಕೋತಾರೆ?" ಎಂದು ಕೇಳಿದ. ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹೊದಿಕೆಯ ಮೇಲೆ ಅಚ್ಚಾಗುವ ಹೆಸರು ಆಗಲೇ ಅವಳ ಕಣ್ಣಿಗೆ ಕಟ್ಟಿತ್ತು. ಪಕ್ಕದ ಮನೆಯವರಿಗೆ, ಕ್ಷೌರದಂಗಡಿಯವನ ಹೆಂಡತಿಗೆ, ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಸುದ್ದಿ ಮುಟ್ಟಿಸಿದಳು.

ವಾರ ಕಳೆದ ಮೇಲೆ ಟೀಚರ್ ಅವಳನ್ನು ಆಫೀಸು ಕೋಣೆಗೆ ಕರೆದು ಕೂರಿಸಿದರು. ಅವರು ಹಿಂದೆ ಹೆಸರಾಂತ ನರ್ತಕಿ. ಈಗ ಮಂಡಿ ಕೈಕೊಟ್ಟು ಊರುಗೋಲು ಹಿಡಿದಿದ್ದರು. ಊರುಗೋಲನ್ನು ಅತ್ತ ಇಟ್ಟು, ಇತ್ತ ಇಟ್ಟು, ಕೊನೆಗೆ ವಿಷಯಕ್ಕೆ ಬಂದರು. ಕಂಪನಿಯವರಿಗೆ ಜನ ಗುರುತಿಸುವ ಹೆಸರು ಬೇಕಂತೆ. ಪುಟ್ಟಿಯನ್ನು ಕೇಳಿದ್ದಾರಂತೆ, ಅವಳು ಒಪ್ಪಿದ್ದಾಳಂತೆ. "ಆದ್ರೆ ಅವರು ಕುಣಿಯೋರಿಗೆ ಬಾರಿಸಿದವರಲ್ಲ. ನೀವು ಪಕ್ಕದಲ್ಲಿ ಕೂತು ಹೇಳಿಕೊಡ್ಬೇಕು. ನೀವಿಲ್ದೆ ಆಗಲ್ಲ ಅಕ್ಕ."

ಅಕ್ಕ, ಅದಕ್ಕೇನಂತೆ, ನಮ್ಮ ಪುಟ್ಟಿನೇ ತಾನೆ ಎಂದಳು. ಹಾಗೆಂದ ಬಾಯನ್ನು ತೊಳೆಯುವವಳಂತೆ ಹೊರಗೆ ಬಂದು ನಲ್ಲಿ ತಿರುಗಿಸಿ ನೀರು ಮುಕ್ಕಳಿಸಿದಳು.

ಸ್ಟುಡಿಯೋ ನೆಲಮಾಳಿಗೆಯಲ್ಲಿತ್ತು. ಗೋಡೆಗೆಲ್ಲ ಸ್ಪಂಜು ಮೆತ್ತಿದ, ಉಸಿರು ಕೂಡ ದೊಡ್ಡದಾಗಿ ಕೇಳುವ ಕೋಣೆ. ಗಾಜಿನಾಚೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ರೆಕಾರ್ಡಿಸ್ಟ್. ಪಿಯಾನೋ ಮುಂದೆ ಪುಟ್ಟಿ, ಪಕ್ಕದಲ್ಲಿ ಅಕ್ಕ, ಹಿಂದಿನ ಸೋಫಾದಲ್ಲಿ ಮಂಡಿ ಚಾಚಿ ಟೀಚರ್. ಕೆಂಪು ದೀಪ ಹತ್ತಿತೆಂದರೆ ಯಾರೂ ಕೆಮ್ಮುವಂತಿಲ್ಲ.

ಮೊದಲೆರಡು ದಿನ ಅಕ್ಕನಿಗೆ ಹಬ್ಬ. ಪುಟ್ಟಿ ಚಂದಕ್ಕೆ ಬಾರಿಸುತ್ತಿದ್ದಳು, ಆದರೆ ಕುಣಿತಕ್ಕೆ ಒಂದೂ ಒದಗುತ್ತಿರಲಿಲ್ಲ. ಸಾಲು ಮುಗಿಯುವಲ್ಲಿ ಸ್ವರವನ್ನು ಎಳೆದು ತೂಗಿ ಬಿಡುವುದು ಅವಳ ಅಭ್ಯಾಸ. ಅಲ್ಲಿ ಹಾಗೆ ತೂಗಬೇಡ, ಹುಡುಗಿಯ ಒಂದು ಕಾಲು ಗಾಳಿಯಲ್ಲಿರುತ್ತದೆ, ಅವಳೇನು ಮಾಡಬೇಕು ಎಂದು ಅಕ್ಕ ತಿದ್ದಿದಳು. ಜಿಗಿತದ ತುಣುಕನ್ನು ಪುಟ್ಟಿ ನಯವಾಗಿ ಬಾರಿಸಿದಾಗ, ಇದಕ್ಕೆ ಡಿ ಮೇಜರ್ ಶ್ರುತಿ ಇರಲಿ, ಕೆಳಗಿನಿಂದ ಯಾರೋ ತಳ್ಳಿದ ಹಾಗೆ ಎಡಗೈ ಬೀಳಬೇಕು ಎಂದಳು. ಪುಟ್ಟಿ ಒಂದಕ್ಕೂ ಎದುರಾಡಲಿಲ್ಲ. ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿ ಮತ್ತೆ ಮತ್ತೆ ಬಾರಿಸಿದಳು. ಹೊದಿಕೆಗೆ ಅಚ್ಚುಹಾಕಲು ಪ್ರತಿಯೊಂದಕ್ಕೂ ಒಂದು ಭಾವದ ಹೆಸರು ಬೇಕಿತ್ತು. ಇದು ಉಲ್ಲಾಸ, ಇದು ಗಂಭೀರ, ಇದು ತುಂಟತನ ಎಂದು ಅಕ್ಕ ಹೇಳುತ್ತಾ ಹೋದಳು. ಜೀವನದಲ್ಲಿ ಮೊದಲ ಸಲ ಪುಟ್ಟಿ ತನ್ನ ಬಾಯಿ ನೋಡುತ್ತಿದ್ದಾಳೆ ಎನ್ನಿಸಿ ಅವಳ ಬೆನ್ನು ನೆಟ್ಟಗಾಯಿತು.

ಈ ಸುಖ ಹೆಚ್ಚು ದಿನ ಬಾಳಲಿಲ್ಲ. ಮೂರನೆಯ ದಿನ ಪುಟ್ಟಿಗೆ ತಿದ್ದುವುದೇ ಬೇಕಾಗಲಿಲ್ಲ. ಕುಣಿಯುವವರ ಉಸಿರನ್ನು ಅಕ್ಕ ವರ್ಷಗಟ್ಟಲೆ ಕಣ್ಣಂಚಿನಿಂದ ನೋಡಿ ನೋಡಿ ಕಲಿತಿದ್ದಳು. ಪುಟ್ಟಿ ಒಬ್ಬ ಹುಡುಗಿಯನ್ನೂ ನೋಡದೆ, ಅಕ್ಕನ ಬಾಯಿಮಾತಿನಿಂದಲೇ ಅದನ್ನು ಹಿಡಿದುಬಿಟ್ಟಳು. ಟೀಚರ್ ಸೋಫಾದಲ್ಲಿ ಕೂತೇ ಕೈ ತೇಲಿಸುತ್ತಿದ್ದರು, ಕಣ್ಣು ಮುಚ್ಚಿತ್ತು. ತಾನು ಬಾರಿಸುವಾಗ ಅವರು ಕಣ್ಣು ಮುಚ್ಚಿದ್ದನ್ನು ಅಕ್ಕ ಎಂದೂ ಕಂಡಿರಲಿಲ್ಲ. ಅವಳ ಮೈಯೆಲ್ಲ ಉರಿದುಹೋಯಿತು. ತನ್ನದೆಂದು ಇದ್ದುದು ಇದೊಂದೇ, ಅದನ್ನೂ ತಾನೇ ಬಿಡಿಸಿ, ಸಿಪ್ಪೆ ತೆಗೆದು, ತಂಗಿಯ ಕೈಗೆ ಕೊಟ್ಟೆನಲ್ಲ ಎಂದು ಅವಳಿಗೆ ತಡೆಯಲಾಗಲಿಲ್ಲ.

ಕೊನೆಯ ದಿನ ಟೀಚರ ಮಂಡಿ ಬಾತು ಅವರು ಬರಲಿಲ್ಲ. ಉಳಿದಿದ್ದುದು ಒಂದೇ ತುಣುಕು, ಎಲ್ಲಕ್ಕಿಂತ ನಿಧಾನದ್ದು. ಹಾಲಿನ ನಡುವೆ ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಮೆಲ್ಲಗೆ ಎತ್ತಿ, ಎತ್ತಿದಲ್ಲೇ ಹಿಡಿದು, ಮೆಲ್ಲಗೆ ಇಳಿಸುವ ಅಭ್ಯಾಸಕ್ಕೆ ಬಾರಿಸುವಂಥದ್ದು. ಪಿಯಾನೋ ಮೇಲೆ ತಾಳದ ಯಂತ್ರ ಇತ್ತು. ಅದರ ಕಡ್ಡಿಗೆ ಒಂದು ತೂಕದ ಬಿಲ್ಲೆ, ಅದನ್ನು ಮೇಲಕ್ಕೆ ಸರಿಸಿದಷ್ಟೂ ತಾಳ ನಿಧಾನ. ಪುಟ್ಟಿ ಎಂದಿನಂತೆ ಕೇಳಿದಳು.

"ಇದಕ್ಕೆಷ್ಟು ವೇಗ ಅಕ್ಕ?"

ಅಕ್ಕನ ಬೆರಳು ಬಿಲ್ಲೆಯನ್ನು ಸರಿಯಾದ ಗುರುತಿಗೆ ಒಯ್ದಿತು. ಅಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಅದನ್ನು ದಾಟಿ ಇನ್ನೂ ಮೇಲಕ್ಕೆ, ಯಾವ ಕಾಲೂ ತಡೆದು ನಿಲ್ಲಲಾಗದಷ್ಟು ಮೇಲಕ್ಕೆ ತಳ್ಳಿತು. ಕಡ್ಡಿ ತೂಕಡಿಸುವ ಮುದುಕನ ತಲೆಯ ಹಾಗೆ ಅತ್ತ ವಾಲಿ, ಯೋಚಿಸಿ, ಇತ್ತ ವಾಲಿತು.

"ಇಷ್ಟು ನಿಧಾನಾನಾ?"

"ಹೂಂ. ಇ ಫ್ಲ್ಯಾಟ್ ಮೇಜರ್. ಭಾವ ಶಾಂತ ಅಂತ ಬರೆಸು."

ಪುಟ್ಟಿ ಕಡ್ಡಿಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕೂತಳು. ಅಷ್ಟು ನಿಧಾನದಲ್ಲಿ ಯಾವ ರಾಗವೂ ಹರಿದು ಚೂರಾಗುತ್ತದೆ, ಒಂದು ಸ್ವರಕ್ಕೂ ಇನ್ನೊಂದಕ್ಕೂ ನಂಟೇ ಉಳಿಯುವುದಿಲ್ಲ ಎಂದು ಅಕ್ಕನಿಗೆ ಗೊತ್ತಿತ್ತು. ಹುಡುಗಿಯರು ಬೀಳಲಿ, ಟೀಚರ್ ಮುಖ ಕಿವುಚಲಿ, ಆಗ ಗೊತ್ತಾಗುತ್ತದೆ ಯಾರು ಬಾರಿಸಬೇಕಿತ್ತು ಎಂದು. ಕೆಂಪು ದೀಪ ಹತ್ತಿತು. ಪುಟ್ಟಿ ಯಂತ್ರವನ್ನು ನಿಲ್ಲಿಸಿ ಬಾರಿಸತೊಡಗಿದಳು.

ರಾಗ ಚೂರಾಗಲಿಲ್ಲ. ಒಂದು ಸ್ವರ ಮುಗಿಯುವ ಮುನ್ನ ಇನ್ನೊಂದು ಬಂದು ಅದನ್ನು ಎತ್ತಿಕೊಳ್ಳುತ್ತಿತ್ತು. ಕೂಸನ್ನು ಒಬ್ಬರ ಮಡಿಲಿಂದ ಇನ್ನೊಬ್ಬರು ಎಬ್ಬಿಸದೆ ಎತ್ತಿಕೊಂಡಂತೆ. ಮುಗಿದ ಮೇಲೂ ಪುಟ್ಟಿ ಕೈ ತೆಗೆಯಲಿಲ್ಲ. ಗಾಜಿನಾಚೆ ರೆಕಾರ್ಡಿಸ್ಟ್ ಹೆಡ್‌ಫೋನ್ ಕಳಚಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ದೀಪ ಆರಿಸುವುದನ್ನೇ ಮರೆತಿದ್ದ. ಅಕ್ಕನಿಗೆ ಕಪಾಳಕ್ಕೆ ಹೊಡೆಸಿಕೊಂಡಂತಾಯಿತು. ಇನ್ನೊಮ್ಮೆ ಬಾರಿಸಲೇ ಎಂದು ಪುಟ್ಟಿ ಕೇಳಿದಳು. ವೇಗ ತಪ್ಪಾಗಿದೆ, ಬಾರಿಸು ಎನ್ನಲು ಆಗಲೂ ಅವಕಾಶವಿತ್ತು. ಬೇಡ, ಸರಿಯಾಗಿದೆ ಎಂದು ಅಕ್ಕ ಚೀಲ ಎತ್ತಿಕೊಂಡಳು.

ಡಿಸ್ಕ್ ಬಂದಾಗ ಹುಡುಗಿಯರೆಲ್ಲ ಟೀಚರ ಸುತ್ತ ಮುತ್ತಿಕೊಂಡರು. ಹೊದಿಕೆಯ ಮೇಲೆ ಪುಟ್ಟಿಯ ಹೆಸರು ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ ಇನ್ನೊಂದು ಸಾಲು: ವೇಗ, ಶ್ರುತಿ, ಭಾವ, ಎಂದು ಬರೆದು ಮುಂದೆ ಒಂದು ಹೆಸರು. ಇದ್ಯಾರು ಟೀಚರ್ ಎಂದು ಒಬ್ಬಳು ಕೇಳಿದಳು. ಟೀಚರ್ ಊರುಗೋಲಿನಿಂದ ಮೂಲೆಯ ಕಡೆ ತೋರಿಸಿದರು. ಪಿಯಾನೋ ಅಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ ಎಂಬುದು ಹುಡುಗಿಯರಿಗೆ ಅಂದೇ ತಿಳಿದದ್ದು. ಕಂಪನಿಯವರು ಈ ಸಾಲು ಹಾಕಲು ಒಪ್ಪಿರಲಿಲ್ಲವಂತೆ. ಅಕ್ಕನ ಹೆಸರಿಲ್ಲದೆ ನನ್ನ ಹೆಸರೂ ಬೇಡ ಎಂದು ಪುಟ್ಟಿ ಪಟ್ಟು ಹಿಡಿದಿದ್ದಳಂತೆ. ಅಕ್ಕ ಹೊದಿಕೆಯನ್ನು ಮುಟ್ಟಲೂ ಹೋಗಲಿಲ್ಲ.

ಟೀಚರ್ ಡಿಸ್ಕನ್ನು ಪ್ಲೇಯರಿಗೆ ಹಾಕಿದರು. ಕಂಬಿಯ ಅಭ್ಯಾಸಗಳೆಲ್ಲ ಬೆಣ್ಣೆಯ ಹಾಗೆ ನಡೆದವು. ಅಕ್ಕ ಮೂಲೆಯಲ್ಲಿ ಮಡಿಲ ಮೇಲೆ ಕೈಯಿಟ್ಟು ಕೂತಿದ್ದಳು. ಮಾಡಲು ಕೆಲಸವಿಲ್ಲದ ಕೈ ಎಷ್ಟು ಭಾರ ಎಂದು ಅವಳಿಗೆ ಅಂದು ಗೊತ್ತಾಯಿತು. ಕೊನೆಗೆ ಎಲ್ಲರೂ ನಡುವಿಗೆ ಬಂದು ಸಾಲಾಗಿ ನಿಂತರು, ನಿಧಾನದ ತುಣುಕು ಶುರುವಾಯಿತು. ಕಾಲುಗಳು ಎದ್ದವು. ಎದ್ದ ಕಾಲುಗಳು ಇಳಿಯುವ ಸ್ವರಕ್ಕಾಗಿ ಕಾದವು, ಕಾದೇ ಕಾದವು. ಮೊದಲು ಹಿಂದಿನ ಸಾಲಿನಲ್ಲಿ ಒಬ್ಬಳು ತೂರಾಡಿದಳು, ಆಮೇಲೆ ಪಕ್ಕದವಳು, ಆಮೇಲೆ ಗೋಡೆಗೆ ಒರಗಿಸಿದ ಕೊಡೆಗಳು ಜಾರಿದಂತೆ ಎಲ್ಲರೂ. ಕೊಕ್ಕರೆ ಎಂದು ಎಲ್ಲರೂ ರೇಗಿಸುತ್ತಿದ್ದ ಉದ್ದ ಕಾಲಿನ ಹುಡುಗಿಯೊಬ್ಬಳು ಮಾತ್ರ ತುಟಿ ಕಚ್ಚಿಕೊಂಡು ನಿಂತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಕೊನೆಗೆ ಅವಳೂ ಧೊಪ್ಪೆಂದು ಕಾಲಿಳಿಸಿದಳು.

ಅಕ್ಕ ಕಾಯುತ್ತಿದ್ದ ಗಳಿಗೆ ಬಂದಿತ್ತು. ಟೀಚರ್ ಪ್ಲೇಯರ್ ನಿಲ್ಲಿಸಿ ಹೊದಿಕೆ ತಿರುಗಿಸಿ ಓದಿದರು. ಅವರ ಸಿಟ್ಟು ಪುಟ್ಟಿಯ ಕಡೆ ತಿರುಗಲಿಲ್ಲ, ಅಕ್ಕನ ಕಡೆಗೂ ತಿರುಗಲಿಲ್ಲ.

"ಇದು ಅಕ್ಕ ಹೇಳಿದ ವೇಗ. ಅವರು ಸುಮ್ಮಸುಮ್ನೆ ಹೇಳೋರಲ್ಲ. ನಿಮ್ಮ ಕಾಲಲ್ಲಿ ಶಕ್ತಿ ಇಲ್ಲ, ಅಷ್ಟೆ. ಇನ್ಮೇಲೆ ದಿನಾ ಇದೇ."

ದಿನಾ ಅದೇ ಆಯಿತು. ಹುಡುಗಿಯರ ತೊಡೆ ನೊಂದವು, ಮೀನಖಂಡ ಹಿಡಿದುಕೊಂಡವು. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕೊಕ್ಕರೆ ಕಾಲಿಗೆ ಎಣ್ಣೆ ಉಜ್ಜಿಕೊಳ್ಳುತ್ತಾ ಬಿಕ್ಕುವುದು ಅಕ್ಕನ ಕಿವಿಗೆ ಬೀಳುತ್ತಿತ್ತು. ಹೇಳಿಬಿಡಬೇಕೆಂದು ಟೀಚರ ಕೋಣೆಯ ಬಾಗಿಲವರೆಗೆ ಹೋಗಿ, ಸೀಮೆಸುಣ್ಣ ಖಾಲಿಯಾಗಿದೆ ಎಂದೋ ಕಿಟಕಿಯ ಚಿಲಕ ಕಿತ್ತಿದೆ ಎಂದೋ ಹೇಳಿ ವಾಪಸಾಗುತ್ತಿದ್ದಳು. ಇತ್ತ ಇನ್ನೊಂದು ಆಯಿತು. ಯಾರೋ ಆ ಒಂದು ತುಣುಕನ್ನು ರೇಡಿಯೋದಲ್ಲಿ ಹಾಕಿದರು. ಕೇಳಿದವರು ಮತ್ತೆ ಹಾಕಿ ಎಂದರು. ಬ್ಯಾಲೆಯ ಗಂಧಗಾಳಿ ಇಲ್ಲದವರೂ ಅದನ್ನು ಗುನುಗತೊಡಗಿದರು. ಒಂದು ಬೆಳಿಗ್ಗೆ ಕ್ಷೌರದಂಗಡಿಯ ಮುಂದೆ ಹಾದುಹೋಗುವಾಗ ಒಳಗಿಂದ ಪುಟ್ಟಿಯ ಆ ತುಣುಕು ಕೇಳಿಸಿತು, ಕ್ಷೌರಿಕ ಕತ್ತರಿ ಹಿಡಿದು ಸುಮ್ಮನೆ ನಿಂತಿದ್ದ. ಕೆಡಿಸಲು ಕೊಟ್ಟದ್ದು ಹೀಗೆ ಬೆಳಗಿತಲ್ಲ ಎಂದುಕೊಂಡು ಅಕ್ಕ ಹೆಜ್ಜೆ ಜೋರು ಮಾಡಿದಳು.

ತಾನು ಬಾರಿಸಿದ್ದಕ್ಕೆ ಹುಡುಗಿಯರು ಹೇಗೆ ಕುಣಿಯುತ್ತಾರೆ ನೋಡಬೇಕೆಂದು ಪುಟ್ಟಿ ಒಂದು ಮಧ್ಯಾಹ್ನ ಶಾಲೆಗೆ ಬಂದಳು. ಬಾಗಿಲ ಪಕ್ಕದ ಬೆಂಚಿನಲ್ಲಿ ಚೀಲ ಮಡಿಲಲ್ಲಿಟ್ಟು ಕೂತಳು. ತರಗತಿ ಅರ್ಧ ನಡೆದಿತ್ತು, ಕರೆಂಟು ಹೋಯಿತು. ಪ್ಲೇಯರ್ ಒಂದು ಸ್ವರದ ನಡುವೆ ಮೂಕವಾಯಿತು. ನಿಧಾನದ ಅಭ್ಯಾಸ ಬಾಕಿ ಇತ್ತು. "ಅಕ್ಕ, ಇದೊಂದು ನೀವೇ ಬಾರಿಸಿ," ಎಂದರು ಟೀಚರ್.

ಅಕ್ಕ ಪಿಯಾನೋ ಮುಂದೆ ಸರಿದು ಕೂತಳು. ಪುಟ್ಟಿ ಕೇಳುತ್ತಿದ್ದಾಳೆ. ಡಿಸ್ಕಿನ ವೇಗದಲ್ಲೇ ಬಾರಿಸದೆ ದಾರಿಯಿಲ್ಲ. ಹಾಗೆಯೇ ಶುರುಮಾಡಿದಳು. ಕಾಲುಗಳು ಎದ್ದವು. ಅವಳ ಕಣ್ಣಂಚಿಗೆ ಕೊಕ್ಕರೆಯ ಮಂಡಿ ಕಾಣುತ್ತಿತ್ತು. ಅದು ಮೊದಲು ಸಣ್ಣಗೆ, ಆಮೇಲೆ ಜೋರಾಗಿ ನಡುಗಿತು. ಬೀಳುವ ಕಾಲನ್ನು ನೋಡಿಕೊಂಡು ಸುಮ್ಮನೆ ಬಾರಿಸುವುದು ಆ ಕೈಗಳಿಗೆ ಅಭ್ಯಾಸವೇ ಇರಲಿಲ್ಲ. ಅವಳು ಬೇಡವೆಂದರೂ ಅವು ಮುಂದೆ ಸರಿದವು. ಇನ್ನೊಂದು ಸಾಲು ಬರುವಷ್ಟರಲ್ಲಿ ರಾಗ ತನ್ನ ನಿಜವಾದ ವೇಗಕ್ಕೆ ಬಂದುನಿಂತಿತ್ತು. ಕೊಕ್ಕರೆಯ ಮಂಡಿ ನೆಟ್ಟಗಾಯಿತು. ಅಷ್ಟೂ ಕಾಲುಗಳು ಒಟ್ಟಿಗೆ ಇಳಿದವು, ಹುಡುಗಿಯರೆಲ್ಲ ಒಮ್ಮೆಲೇ ಉಸಿರು ಬಿಟ್ಟರು. ಅಕ್ಕ ಬಾಗಿಲ ಕಡೆ ನೋಡಿದಾಗ ಪುಟ್ಟಿ ಎದ್ದು ನಿಂತಿದ್ದಳು.

ತರಗತಿ ಮುಗಿದು, ಚಪ್ಪಲಿ ಇಡುವ ಕಪಾಟಿನ ಪಕ್ಕ ಅಕ್ಕತಂಗಿಯರು ಎದುರಾದರು.

"ಅದೇ ಸರಿಯಾದ ವೇಗ ಅಲ್ವಾ?" ಎಂದಳು ಪುಟ್ಟಿ.

"ಹೂಂ."

"ಅವತ್ತು ಕೈತಪ್ಪಿ ಹಾಗೆ ಆಯ್ತಾ?"

ತಪ್ಪಿಸಿಕೊಳ್ಳುವ ಬಾಗಿಲನ್ನು ಪುಟ್ಟಿ ತಾನೇ ತೆರೆದು ಹಿಡಿದಿದ್ದಳು. ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಅಕ್ಕ ಕಪಾಟಿನ ಅಂಚು ಹಿಡಿದುಕೊಂಡು, "ಇಲ್ಲ," ಎಂದಳು.

ಪುಟ್ಟಿ ಕಪಾಟಿನಿಂದ ತನ್ನ ಚಪ್ಪಲಿ ತೆಗೆದು ಹಾಕಿಕೊಂಡಳು. ಆಮೇಲೆ ಮೆಲ್ಲಗೆ, "ನನ್ನ ಜೀವಮಾನದಲ್ಲಿ ಬಾರಿಸಿದ್ರಲ್ಲಿ ನನಗೆ ಇಷ್ಟ ಆಗಿದ್ದು ಅದೊಂದೇ. ಅಕ್ಕ ಎಂಥಾ ವೇಗ ಹೇಳಿಕೊಟ್ಲು ಅಂತ ಊರಲ್ಲೆಲ್ಲ ಹೇಳ್ಕೊಂಡು ಬಂದೆ. ನೀನು ಅದನ್ನ ನಾನು ಎಡವಿ ಬೀಳ್ಲಿ ಅಂತ ಕೊಟ್ಟಿದ್ದೆ," ಎಂದಳು. ಚೀಲ ಹೆಗಲಿಗೇರಿಸಿ ಎರಡು ಹೆಜ್ಜೆ ಹೋದವಳು ತಿರುಗಿದಳು. "ಭಾವ ಶಾಂತ ಅಂತ ಬರೆಸಿದೆಯಲ್ಲ. ಹೊಟ್ಟೆಕಿಚ್ಚು ಅಂತ ಬರೆಸಬೇಕಿತ್ತು."

ಅಂದಿನಿಂದ ಪುಟ್ಟಿಯ ಫೋನಿಲ್ಲ. ಅಕ್ಕನೂ ಮಾಡಲಿಲ್ಲ. ಏನೋ ಆಗಿದೆ ಎಂದು ಗಂಡನಿಗೆ ಗೊತ್ತಾಯಿತು. ಏನಾಯ್ತು ಎಂದು ಕೇಳಿದರೆ ಅವಳು ಪಾತ್ರೆ ಸದ್ದು ಮಾಡುತ್ತಿದ್ದಳು. ಒಂದು ಸಂಜೆ ಅವಳು ತಾನಾಗಿಯೇ ಎಲ್ಲ ಹೇಳಿದಳು. ಅವನು ಊಟದ ತಟ್ಟೆ ಮುಂದಿಟ್ಟುಕೊಂಡು ಕೇಳಿಸಿಕೊಂಡ. ಬುದ್ಧಿ ಹೇಳಲಿಲ್ಲ. ಇಷ್ಟು ವರ್ಷ ನೀನು ಕಛೇರಿಗೆ ಹೊರಟಾಗಲೆಲ್ಲ ತಂಗಿ ಮೇಲೆ ಎಷ್ಟು ಪ್ರೀತಿ ಅಂದುಕೊಂಡು ನಾನು ಒಬ್ಬನೇ ಬಡಿಸಿಕೊಂಡು ಉಂಡೆನಲ್ಲ ಎಂದು ಮಾತ್ರ ಅಂದ. ಅವಳಿಗೆ ನಗುವೂ ಬಂತು, ಅಳುವೂ ಬಂತು.

ಅಷ್ಟರಲ್ಲಿ ಬೇರೆ ಬೇರೆ ಶಾಲೆಗಳಿಂದ ಕಂಪನಿಗೆ ದೂರು ಹೋಗಿತ್ತು. ನಿಧಾನದ ತುಣುಕು ಕೇಳಲು ಚೆನ್ನ, ಅದಕ್ಕೆ ಕುಣಿಯಲು ಮನುಷ್ಯರಿಂದಾಗದು ಎಂದು. ಡಿಸ್ಕನ್ನು ಮತ್ತೆ ಅಚ್ಚುಹಾಕುವಾಗ ಅದೊಂದನ್ನು ಬದಲಾಯಿಸಿ ಕೊಡಿ ಎಂದು ಅವರು ಪುಟ್ಟಿಯನ್ನು ಕೇಳಿದರು. ಆ ತುಣುಕನ್ನು ನಾನು ಬೇರೆ ವೇಗದಲ್ಲಿ ಬಾರಿಸುವುದಿಲ್ಲ, ಕುಣಿಯುವವರಿಗೆ ಬೇಕಾದ್ದು ನಮ್ಮಕ್ಕನಿಗೆ ಗೊತ್ತು, ಅವಳನ್ನೇ ಕೇಳಿ ಎಂದು ಪುಟ್ಟಿ ಹೇಳಿ ಕಳಿಸಿದಳಂತೆ. ಹೀಗೆ ಅಕ್ಕ ಒಬ್ಬಳೇ ಆ ನೆಲಮಾಳಿಗೆಯ ಮೆಟ್ಟಿಲಿಳಿದಳು.

ಅವಳು ಬಿಲ್ಲೆಯನ್ನು ಸರಿಯಾದ ಗುರುತಿಗೆ ಇಟ್ಟು, ಅದೇ ಇ ಫ್ಲ್ಯಾಟ್ ಮೇಜರಿನಲ್ಲಿ ಬಾರಿಸಿದಳು. ಒಂದೇ ಸಲಕ್ಕೆ ಮುಗಿಯಿತು. ರೆಕಾರ್ಡಿಸ್ಟ್ ಹೆಬ್ಬೆರಳೆತ್ತಿ, ಸರಿಯಾಗಿದೆ ಅಕ್ಕ ಎಂದ. ಅವಳು ಗಾಜಿನಾಚೆ ಹೋಗಿ, ತನ್ನದನ್ನೂ ಪುಟ್ಟಿಯದನ್ನೂ ಒಂದಾದ ಮೇಲೊಂದು ಕೇಳಿಸು ಎಂದಳು. ಹೆಡ್‌ಫೋನು ಕಿವಿಗೆ ಒತ್ತಿಕೊಂಡು ಕೇಳಿದಳು. ತನ್ನದರಲ್ಲಿ ಹುಡುಕಿದರೂ ತಪ್ಪಿರಲಿಲ್ಲ. ಎತ್ತಬೇಕಾದಲ್ಲಿ ಎತ್ತುತ್ತಿತ್ತು, ಹಿಡಿಯಬೇಕಾದಲ್ಲಿ ಹಿಡಿಯುತ್ತಿತ್ತು. ಅದನ್ನು ಕೇಳಿ ಯಾರೂ ಕತ್ತರಿ ಹಿಡಿದು ನಿಲ್ಲುವಂತಿರಲಿಲ್ಲ. ಆಮೇಲೆ ಪುಟ್ಟಿಯದು ಶುರುವಾಯಿತು. ತಪ್ಪು ಹುಡುಕದೆ ತಂಗಿಯ ಸಂಗೀತವನ್ನು ಅವಳು ಕೇಳಿದ್ದು ಅದೇ ಮೊದಲು.

ಇಷ್ಟು ಕಾಲ ಅವಳು, ಮೇಷ್ಟ್ರು ಮೋಸ ಮಾಡಿದರು, ಅಪ್ಪ ಪಕ್ಷಪಾತ ಮಾಡಿದ, ಕಂಪನಿಯವರು ಹೆಸರಿಗೆ ಮರುಳಾದರು, ತನಗೆ ಸಿಗಬೇಕಾದ್ದನ್ನು ಯಾರೋ ಕಿತ್ತುಕೊಂಡರು ಎಂದು ನಂಬಿದ್ದಳು. ಯಾರೂ ಏನೂ ಕಿತ್ತುಕೊಂಡಿರಲಿಲ್ಲ. ಪುಟ್ಟಿಯ ಕೈಯಲ್ಲಿ ಏನೋ ಇತ್ತು, ತನ್ನ ಕೈಯಲ್ಲಿ ಅದು ಇರಲಿಲ್ಲ. ಹೊಟ್ಟೆಕಿಚ್ಚು ಹಿಂದಿಗಿಂತ ಜೋರಾಗಿಯೇ ಎದ್ದಿತು, ಆದರೆ ಅದಕ್ಕೆ ಆತುಕೊಳ್ಳಲು ಯಾವ ಅನ್ಯಾಯವೂ ಉಳಿದಿರಲಿಲ್ಲ. ಅವಳು ಹೆಡ್‌ಫೋನು ಕೊಟ್ಟು ಮೆಟ್ಟಿಲು ಹತ್ತುವಾಗ, ಬಾಡಿಗೆಗೆ ಹೊತ್ತ ಮೂಟೆ ಇಳಿಸಿದವಳ ಹಾಗೆ ಹೆಗಲು ಹಗುರಾಗಿತ್ತು. ವಿಚಿತ್ರವೆಂದರೆ ಕಣ್ಣಲ್ಲಿ ನೀರೂ ಇತ್ತು.

ಮರುದಿನ ಟೀಚರ ಕೋಣೆಗೆ ಹೋದವಳು ಸೀಮೆಸುಣ್ಣದ ಮಾತೆತ್ತಲಿಲ್ಲ. ಎಲ್ಲ ಕೇಳಿದ ಟೀಚರ್ ಊರುಗೋಲಿನ ತುದಿಯಿಂದ ನೆಲ ಕೆರೆದರು. ಹುಡುಗಿಯರ ಕಾಲು ಈಗ ಕಬ್ಬಿಣದ ಹಾಗಿವೆ, ಅವರಿಗೆ ಮಾತ್ರ ಇದನ್ನು ಹೇಳಬೇಡಿ, ನನ್ನನ್ನು ಸುಮ್ಮನೆ ಬಿಡುವುದಿಲ್ಲ ಎಂದರು. ಆಮೇಲೆ ದನಿ ಗಟ್ಟಿಮಾಡಿ, ಇನ್ನೊಮ್ಮೆ ಹೀಗಾದರೆ ಆ ಕುರ್ಚಿಯಲ್ಲಿ ನೀವಿರುವುದಿಲ್ಲ ಎಂದೂ ಹೇಳಿದರು. ಅಕ್ಕ ತಲೆಯಾಡಿಸಿ ಹೋಗಿ ಪಿಯಾನೋ ಮುಂದೆ ಕೂತಳು. ಡಿಸ್ಕ್ ಬಂದರೂ ಅವಳ ಕೆಲಸ ಹೋಗಲಿಲ್ಲ. ನಡುಗುವ ಕಾಲನ್ನು ನೋಡಿ ಮುಂದೆ ಸರಿಯುವುದು ಪ್ಲೇಯರಿಗೆ ಬರುತ್ತಿರಲಿಲ್ಲ.

ಚಳಿಗಾಲದಲ್ಲಿ ಪುಟ್ಟಿಯ ಕಛೇರಿ ಇತ್ತು. ಕರೆ ಬರಲಿಲ್ಲ, ಟಿಕೆಟ್ಟೂ ಬರಲಿಲ್ಲ. ಅಕ್ಕ ಟಿಕೆಟ್ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು ಕೊಂಡು, ಹಿಂದಿನ ಸಾಲಿನ ಕಂಬದ ಪಕ್ಕ ಗಂಡನ ಜೊತೆ ಕೂತಳು. ಪುಟ್ಟಿ ಕೊನೆಯಲ್ಲಿ ಆ ತುಣುಕನ್ನೇ ಬಾರಿಸಿದಳು, ಯಾವ ಕಾಲಿಗೂ ಆಗದ ಅದೇ ವೇಗದಲ್ಲಿ. ಹಾರನ್ ಒಂದನ್ನೇ ಬಲ್ಲ ಗಂಡ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದಳು. ಹೊಟ್ಟೆಯೊಳಗೆ ಹಳೆಯ ಉರಿ ಇದ್ದೇ ಇತ್ತು. ಅಂಗೈ ಕೆಂಪಾಗುವವರೆಗೆ ತಟ್ಟಿದಳು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಹೂಗುಚ್ಛ ಹಿಡಿದವರೆಲ್ಲ ಹೋಗುವವರೆಗೆ ಅವಳು ಬಾಗಿಲಲ್ಲಿ ಕಾದಳು. ಪುಟ್ಟಿ ಕನ್ನಡಿಯಲ್ಲೇ ಅವಳನ್ನು ನೋಡಿ, ಕಿವಿಯೋಲೆ ಬಿಚ್ಚುತ್ತಾ, ಹೇಗಿತ್ತು ಎಂದು ಒಣಗಿದ ದನಿಯಲ್ಲಿ ಕೇಳಿದಳು.

"ಕೊನೇ ಪುಟದಲ್ಲಿ ಸ್ವಲ್ಪ ಓಡಿದೆ. ಇನ್ನೂ ನಿಧಾನ ಬಾರಿಸಬೇಕಿತ್ತು."

ಪುಟ್ಟಿಯ ಕೈ ಕಿವಿಯ ಬಳಿಯೇ ನಿಂತಿತು. ಪೂರ್ತಿ ತಿರುಗಿ ಅಕ್ಕನ ಮುಖ ನೋಡಿದಳು.

"ಇದು ನಿಜಾನಾ, ಹೊಟ್ಟೆಕಿಚ್ಚಾ?"

"ಎರಡೂ," ಎಂದಳು ಅಕ್ಕ.

ಪುಟ್ಟಿ ನಗಲಿಲ್ಲ. ಮೇಜಿನ ಮೇಲಿದ್ದ ಸಂಗೀತದ ಹಾಳೆಗಳನ್ನು ಕೆದಕಿ ಆ ಪುಟ ಹುಡುಕಿ, ಪೆನ್ಸಿಲ್ಲಿನ ಜೊತೆ ಅಕ್ಕನ ಮುಂದೆ ತಳ್ಳಿ, ಎಲ್ಲಿ ಓಡಿದೆ ತೋರಿಸು ಎಂದಳು. ಅಕ್ಕ ಕುರ್ಚಿ ಎಳೆದು ಕೂತು, ಕನ್ನಡಕ ಹುಡುಕಿ ಹಾಕಿಕೊಂಡು, ಹಾಳೆಯ ಮೇಲೆ ಬಗ್ಗಿದಳು. ಹೊರಗೆ ಗಂಡ ಕೊನೆಯ ಬಸ್ಸು ತಪ್ಪುತ್ತದೆಂದು ಎರಡು ಸಲ ಬಾಗಿಲು ತಟ್ಟಿದ. ಒಳಗಿನವರಿಬ್ಬರೂ ಓಗೊಡಲಿಲ್ಲ.